ಚರಗದ ಹಿಂದಿನ ದನಿ

ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ, ವಳಸಂಗದ ಹತ್ತಿರ, ಆ ಸಂಜೆ ಮಳೆ ನಮ್ಮನ್ನೆಲ್ಲ ಒಂದೇ ಸೂರಿನ ಕೆಳಗೆ ತಂದು ನಿಲ್ಲಿಸಿತ್ತು. ಅದು ಸಿದ್ಧರಾಮನ ಚಹಾದಂಗಡಿ. ರಸ್ತೆ ಅಗಲವಾದ ಮೇಲೆ ಹೊಲದ ಅಂಚಿಗೆ ಅವನು ಕಟ್ಟಿಸಿದ ಮಳಿಗೆಗಳಲ್ಲಿ ಮೊದಲನೆಯದು. ಮುಂದೆ ರಸ್ತೆಯ ಮೇಲೇ ನೀರು ಹರಿಯುತ್ತಿದ್ದುದರಿಂದ ಬಸ್ಸು ನಿಂತುಬಿಟ್ಟಿತ್ತು. ಕಾಲೇಜಿನ ಹುಡುಗಿಯರು, ಬೈಕಿನವರು, ಪಾಳಿ ಮುಗಿಸಿ ಊರಿಗೆ ಹೊರಟವರು, ಅವರ ನಡುವೆ ನಾನು. ಈ ರಸ್ತೆಯ ಎರಡೂ ಬದಿಗೆ ಮುಂದೆ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಚರಂಡಿ, ಎಲ್ಲಿ ಶಾಲೆ ಬರಬೇಕೆಂದು ಗುರುತು ಹಾಕುವುದು ನನ್ನ ಕೆಲಸ. ನಕ್ಷೆಯ ಸುರುಳಿ ತೊಯ್ಯದಂತೆ ಎದೆಗವಚಿಕೊಂಡು ನಿಂತಿದ್ದೆ.

ಕರೆಂಟು ಹೋಯಿತು. ಸಿದ್ಧರಾಮ ಮೇಣದಬತ್ತಿ ಹಚ್ಚಿದ. ಒಳಗೆ ಗೋಣಿಚೀಲದ ಮೇಲೆ ಕುಳಿತಿದ್ದ ಅವನ ತಾಯಿ ಅಕ್ಕನಾಗಮ್ಮ ನನ್ನನ್ನು ನೋಡಿ ನಕ್ಕಳು.

“ಏನ್ರಿ ಸಾಹೇಬ್ರ, ಕೂಸಿನ ಹಿಡದಂಗ ಹಿಡದೀರಿ? ನಕಾಶಾನ? ಈ ರೋಡಿಂದಾ? ಹಂಗಾರ ಬರ್ರಿ, ಕುಂದರ್ರಿ. ನಿಮಗ ಒಂದ ಮಾತು ಹೇಳೂದದ.”

ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು. ಹುಡುಗಿಯರು ಮೊಬೈಲು ಕೆಳಗಿಟ್ಟು ಹತ್ತಿರ ಸರಿದರು.

“ಎಳ್ಳ ಅಮಾಸಿಗಿ ಚರಗ ಚೆಲ್ಲೂದು ಗೊತ್ತದನೋ ಇಲ್ಲೋ ನಿಮಗ? ಏ, ಮಾರಿ ಮಾರಿ ನೋಡಬ್ಯಾಡ್ರಿ, ನಿಮ್ಮವ್ವನ್ನ ಕೇಳ್ರಿ, ಹೇಳತಾಳ. ಪೈರು ಹೊತ್ತ ಭೂಮಿತಾಯಿ ಬಸುರಿ ಅಲ್ಲೇನು? ಆಕಿಗಿ ಬಯಕಿ ಊಟ. ಬಜ್ಜಿ, ಕಡಬು, ರೊಟ್ಟಿ ಎಲ್ಲಾ ಬುಟ್ಟ್ಯಾಗ ಕಲಸಕೊಂಡು ಹೊಲದ ಸುತ್ತ ಚೆಲ್ಲಕೋತ ಹೋಗಬೇಕು. ಮುಂದಿನವ್ರು ‘ಹುಲ್ಲುಲ್ಲಿಗ್ಯೋ’ ಅಂತ ಕೂಗಬೇಕು, ಹಿಂದಿನವ್ರು ತಂಬಿಗಿ ನೀರು ಚಿಮುಕಿಸಿ ‘ಸಲಾಂಬ್ರಿಗ್ಯೋ’ ಅಂತ ಓಗೊಡಬೇಕು. ಗಂಡಸು ಮುಂದ ಇರಬೇಕಂತ ನಮ್ಮತ್ತಿ ಜಗಳಾ ತಗದ್ಳು. ನಮ್ಮನಿಯವ್ರು ಏನಂದ್ರು ಗೊತ್ತದನು? ‘ಇಕಿ ಬಾಯಿ ದೊಡ್ಡದು, ಇಕಿನೇ ಕೂಗಲಿ, ನಾ ಹಿಂದ ಬರತೀನಿ’ ಅಂದ್ರು. ಹಂಗ ಬಾಳೆಲ್ಲಾ ನಾ ಮುಂದ, ಅವ್ರು ಹಿಂದ...”

ಗಂಡ ಸಾಯಬಣ್ಣನ ಹೆಸರನ್ನು ಅವಳು ಎತ್ತಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋದ ಕಡೆ ಗಲ್ಲ ತೋರಿಸಿದಳು, ಅಷ್ಟೆ.

“ಅವ್ರು ಹ್ವಾದ ಮ್ಯಾಲಿನ ಅಮಾಸಿ. ರೋಡ ಆಗಿತ್ತು, ಅರ್ಧಾ ಹೊಲ ಪ್ಲಾಟ ಆಗಿತ್ತು, ಈ ಸಿದ್ಧರಾಮ ಹೊಸಾ ಮನಿಗಿ ಗೂಟಾ ಬಡದಿದ್ದ. ಇದ್ದಷ್ಟ ಹೊಲಕ್ಕ ಚರಗ ಚೆಲ್ಲಾಕ ನಾ ಹೊಂಟೆ. ಹಿಂದ ಯಾರು ಬರಬೇಕಂತ ಯಾರೂ ವಿಚಾರ ಮಾಡಿಲ್ಲ ನೋಡ್ರಿ! ಹೆಂಡತಿ ನನ್ನ ಹಿಂದ ಹೋಗ್ಯಾಳಂತ ಇವ ತಿಳದ, ಗಂಡ ಹೋಗ್ಯಾನಂತ ನನ್ನ ಸೊಸಿ ತಿಳದ್ಳು. ನಾನೂ ಖಬರಿಲ್ಲದಂಗ ಕೂಗಿದೆ, ರೂಢಿ ಅಲ್ಲ. ಹುಲ್ಲುಲ್ಲಿಗ್ಯೋ... ಹಿಂದಿಂದ ಓಗೊಟ್ರು. ಸಲಾಂಬ್ರಿಗ್ಯೋ... ಬರಾಬರ್ ಅವ್ರ ದನಿ.

“ಹೊಳ್ಳಿ ನೋಡಿದ್ರ ಯಾರಿದ್ರು? ಯಾರೂ ಇಲ್ಲ. ತಂಬಿಗಿ ಬನ್ನಿಗಿಡದ ಬುಡಕ ಇತ್ತು, ಖಾಲಿ. ನೆಲದ ಮ್ಯಾಲ ಹಸಿ ಗೆರಿ! ಚಳಿಗಾಲ, ಮ್ಯಾಲ ಒಂದ ಮೋಡ ಇಲ್ಲ, ಆ ಗೆರಿ ನನ್ನ ಬೆನ್ನ ಹಿಂದಿಂದ ಹೊಂಟು ಬದು ದಾಟಿ, ಸಿದ್ಧರಾಮನ ಗೂಟದ ನಡುವಿಂದ ಹಾದು, ಬಾಜೂ ಪ್ಲಾಟಿನಾಗಿಂದ ರೋಡಿನ ತನಕ ಹರದ ಹೋಗಿತ್ತು. ಒಂದ ತಂಬಿಗಿ ನೀರು ಎಷ್ಟ ದೂರ ಹೋದೀತು, ಹೇಳ್ರಿ? ಎಲ್ಲಾರೂ ಚಪ್ಪಲಿ ಬಿಟ್ಟು ಅದರ ಹಿಂದ ನಡದ್ವಿ. ಮಣ್ಣು ಮೊದಲನೇ ಮಳಿ ಬಿದ್ದಂಗ ಘಮಾ ಅಂತಿತ್ತು. ರೋಡಿನ ಹತ್ರ ಕುಂತು ಕಿವಿ ಇಟ್ರ, ಸಿಮಿಟಿನ ಬುಡಕ ಹಳ್ಳದ ಸಪ್ಪಳ... ಅಲ್ಲೊಂದ ಹಳ್ಳ ಇತ್ತು, ಮುಚ್ಚಿ ಹೋತಂತ ನಮ್ಮತ್ತಿ ಅಂತಿದ್ಳು. ನಾ ಬರೂದರಾಗ ಇರಲಿಲ್ಲ, ಕಣ್ಣಿಲೆ ಕಂಡಿಲ್ಲ. ಭೂಮಿ ಮರತಿರಲಿಲ್ಲ ನೋಡ್ರಿ. ನನ್ನ ಕೈ ತಾವೇ ಮುಗದ್ವು.”

“ನಾ ಅವತ್ತೇ ಗೂಟಾ ಕಿತ್ತಿ ಅತ್ತಾಗ ಬಡದೆ,” ಎಂದ ಸಿದ್ಧರಾಮ ಮೆಲ್ಲಗೆ.

“ಇವ ಕಿತ್ತ. ಬಾಜೂ ಪ್ಲಾಟ ತಗೊಂಡಿದ್ದ ಪೀರಪ್ಪ ನಕ್ಕ. ಮೂಗಿನ್ಯಾಗ ಮಾತಾಡಂವ, ಭಾಳ ಛಲೋ ಮನಷ್ಯಾ, ಆದ್ರ ಹಟಮಾರಿ. ಗೆರಿ ಮ್ಯಾಲೇ ಮನಿ ಕಟ್ಟಿದ. ಮುಂದಿನ ಅಮಾಸಿಗಿ ಊಟಕ್ಕ ಕರದಿದ್ವಿ, ಬಂದಿದ್ದ. ನಾ ಕೂಗಿದೆ... ಎರಡ ದನಿ ಬಂದ್ವು. ಒಂದು ನಮ್ಮನಿಯವ್ರದು. ಇನ್ನೊಂದು ಮೂಗಿನ್ಯಾಗಿಂದು. ಪೀರಪ್ಪ ನನ್ನ ಮುಂದೇ ಕುಂತಾನ, ಬಾಯಿ ತುಂಬ ಕಡಬು! ಆ ಬಾಯಿಂದ ಹೆಂಗ ಬರಬೇಕ್ರಿ ದನಿ?

“ಕೈ ಮುಗದೆ ಅವಗ. ‘ನಿನ್ನ ದನಿ ಆ ಕಡಿಂದ ಬಂದದ, ಮನಿ ಬಿಡೋ ಅಪ್ಪಾ’ ಅಂದೆ. ‘ವಯಸ್ಸಾತು ಕಾಕು ನಿನಗ’ ಅಂತ ನಕ್ಕೋತ ಹ್ವಾದ. ಮಳಿಗಾಲದಾಗ ನೀರು ಬಂತು ನೋಡ್ರಿ, ಅದೇ ಗೆರಿ ಹಿಡಕೊಂಡು, ಒಂದ ಗೇಣು ಅತ್ತಿತ್ತ ಇಲ್ಲ. ಹೆಂಡತಿ ನಾಗಣಸೂರಕ್ಕ ತವರಿಗಿ ಹೋಗಿದ್ಳು, ಉಳಕೊಂಡ್ಳು. ಮನಿ ಹೋತು. ಪೀರಪ್ಪ ರೋಡಿನ ಬುಡಕಿನ ಪೈಪಿನ್ಯಾಗ ಸಿಕ್ಕ...”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಮಳೆ ಕಡಿಮೆಯಾಗಿತ್ತು, ನೀರಿನ ಸದ್ದು ಕಡಿಮೆಯಾಗಿರಲಿಲ್ಲ.

“ಮುಗೀತಂತ ತಿಳದೀರಿ? ಹೋದ ಅಮಾಸಿಗಿ ಮತ್ತ ಕೂಗಿದೆ. ಅವ್ರ ದನಿ ಬಂತು, ಅವ್ರು ಯಾವತ್ತೂ ನನ್ನ ಹಿಂದಿನವ್ರು. ಪೀರಪ್ಪಂದು ಇಲ್ಲ, ಅದು ಸಾವು ಬರೂ ಮೊದಲ ಬಂದ ದನಿ, ಅಂವ ಹ್ವಾದ, ಅವನದು ಮುಗೀತು. ಆಮ್ಯಾಲ ಸಣ್ಣ ಸಣ್ಣ ದನಿ... ಎಷ್ಟ ಮಕ್ಕಳೋ ಯಪ್ಪಾ! ಎಲ್ಲಾ ಕೂಡಿ ಒಂದೇ ರಾಗದಾಗ ಅಂದ್ವು. ಪೀರಪ್ಪನ ಮನಿ ಇದ್ದ ಆ ಜಾಗಾ ಖಾಲಿ ಬಿದ್ದದ, ಹೆದರಿ ಯಾರೂ ತಗೊಳ್ಳಾಂಗಿಲ್ಲ, ಒಂದ ಗುಡಿಸಲಾ ಇಲ್ಲ. ಅಲ್ಲಿ ಮಕ್ಕಳು ಎಲ್ಲಿಂದ ಬರಬೇಕು? ಅವಾಗಿಂದ ನನಗ ನಿದ್ದಿ ಇಲ್ಲ. ನೀವು ನಕಾಶಾದವ್ರು, ನೀವ ಹೇಳ್ರಿ ಸಾಹೇಬ್ರ... ಅಲ್ಲೇನು ಬರತದ?”

ಸುರುಳಿ ಬಿಚ್ಚದೆಯೇ ನನಗೆ ಆ ಜಾಗ ಗೊತ್ತಿತ್ತು. ರಸ್ತೆಗೆ ಹತ್ತಿರ, ಸಮತಟ್ಟು, ಯಾರೂ ಕಟ್ಟದೆ ಬಿಟ್ಟದ್ದು. ನಮ್ಮ ನಕ್ಷೆಯಲ್ಲಿ ಅಲ್ಲಿ ಹಳ್ಳವೇ ಇರಲಿಲ್ಲ. ಖಾಲಿ ಇದೆಯೆಂದೇ ನಾವು ಅದನ್ನು ಆರಿಸಿದ್ದೆವು.

“ಸಾಲಿ ಬರತದ, ಅವ್ವಾ,” ಎಂದೆ.

ಅಕ್ಕನಾಗಮ್ಮ ನನ್ನ ಮುಂಗೈ ಹಿಡಿದುಕೊಂಡಳು.

“ಪಕ್ಕಾ ಆಗ್ಯದೇನು?”

“ಇಲ್ಲ. ಇನ್ನೂ ಕಚ್ಚಾ ಅದ.”

“ಅಳಸ್ರಿ, ನನ್ನಪ್ಪಾ. ನಿಮ್ಮ ಸಾಹೇಬ್ರು ಕೇಳಲಿಲ್ಲಂದ್ರ ಜಗಳಾ ಮಾಡಿ ಅಳಸ್ರಿ.” ಕೈ ಬಿಟ್ಟಳು. “ಅಳಸೀರೋ ಇಲ್ಲೋ, ನನಗ ಬಂದು ಹೇಳೂದೇನೂ ಬ್ಯಾಡ. ಎಳ್ಳ ಅಮಾಸಿಗಿ ನಾ ಕೂಗತೀನಲ್ಲ... ಹಿಂದಿಂದ ನನಗ ತಿಳೀತದ.”