ಕನ್ನಡಕದ ಡಬ್ಬಿಯಂಥದ್ದು

ಚೀಲದ ಅಂಗಡಿಯಲ್ಲಿ ಪುಟ್ಟ ಕ್ಯಾಮೆರಾಗೆ ಕವರ್ ಆರಿಸುತ್ತಿದ್ದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ನ್ಯಾಯ ಕೇಳುವವರೇ ಕಳ್ಳರಂತೆ ಪಿಸುಗುಡಬೇಕಾದ ಸ್ಥಿತಿಗೆ ನನ್ನ ಮೈ ಉರಿಯಿತು.

“ಅಕ್ಕಾ, ಇದು ಥೇಟ್ ಕನ್ನಡಕದ ಡಬ್ಬಿ. ವೃದ್ಧಾಶ್ರಮದವರು ಬಾಗಿಲಲ್ಲಿ ಫೋನ್ ಇಸ್ಕೊಂಡ್ರೂ ಇದನ್ನ ಬಿಚ್ಚಿ ನೋಡಲ್ಲ.”

“ನೀನು ಕನ್ನಡಕಾನೇ ಹಾಕಲ್ವಲ್ಲೇ!”

“ಅಮ್ಮನದು ಅಂತೀನಿ. ಅವಳ ತೋಳಿನ ಬಾಸುಂಡೆ ಫೋಟೋ ತೆಗೆದು ದೂರು ಕೊಡೋಣ.”

“ಕೊಟ್ರೆ ಅವಳನ್ನ ಆಚೆ ಹಾಕ್ತಾರೆ. ನಿನ್ನ ಮನೇಲಿ ಇಟ್ಕೋತೀಯಾ?”

“ನಮ್ಮತ್ತೆ ಒಪ್ಪಲ್ಲ. ನಿನ್ನ ಮನೇಲಿ?”

“ನಿಮ್ಮ ಭಾವನ್ನ ನೀನು ಕಾಣೆಯಾ?”

ತಂಗಿ ಡಬ್ಬಿಯನ್ನು ಮರಳಿ ಕಪಾಟಿನಲ್ಲಿಟ್ಟಳು.

“ಅಮ್ಮ ತುಂಬುತೋಳಿನ ಸ್ವೆಟರ್ ಕೇಳಿದ್ದಳಲ್ಲ, ಅದನ್ನಾದ್ರೂ ತಗೊಂಡು ಹೋಗೋಣ,” ಎಂದಳು ಅಕ್ಕ.

ಇಬ್ಬರೂ ಎದುರಿನ ಬಟ್ಟೆಯಂಗಡಿಯತ್ತ ನಡೆದರು.