ನಾಲ್ಕು ನೀರಿನ ಹತ್ತಿ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಇದು ಹಲಸೂರಲ್ಲಿ ನಮ್ಮ ಪಕ್ಕದ ಮನೇಲಿದ್ದ ಸಂಜೀವಪ್ಪನಿಗೆ ಆದದ್ದು. ಯುದ್ಧದ ಕಾಲ. ಕೆಲಸ ಮುಗಿಸಿ, ಕತ್ತಲಲ್ಲಿ ಒಬ್ಬನೇ, ಬಿನ್ನಮಂಗಲದ ಆಲದಮರದ ಬಾವಿ ಹತ್ರ ಬರ್ತಿದ್ದ...

ತಾಳಿ, ಅವನ ಘನಕಾರ್ಯ ಮೊದಲು ಹೇಳ್ಬೇಕು.

ಅಲ್ಲೊಂದು ತಗಡಿನ ಶೆಡ್ಡು, ಅದಕ್ಕೆ ಇವನು ಮೇಸ್ತ್ರಿ. ಹೆಂಡ್ತಿ ವೆಂಕಟಮ್ಮಾನೂ ಅಲ್ಲೇ ಕೂಲಿಗೆ ಬರ್ತಿದ್ಲು. ಹತ್ತೀನ ಆಸಿಡ್‌ನಲ್ಲಿ ನೆನೆಸಿ, ವಿಮಾನದ ರೆಕ್ಕೆಗೆ ಬಳಿಯೋ ವಾರ್ನಿಷ್ ಮಾಡೋರು. ಆಸಿಡ್‌ನಿಂದ ತೆಗೆದ ಮೇಲೂ ನೋಡೋಕೆ ಹತ್ತೀನೇ. ಒಳಗೆ ಬೆಂಕಿ ಕೂತಿರುತ್ತೆ. ಏಳು ಸಲ ಹೊಸ ನೀರು ಹಾಕಿ ಕುದಿಸ್ಬೇಕು. ಆಸಿಡ್ ಚೂರು ಉಳಿದ್ರೂ, ಒಣಗೋವಾಗ ತಾನೇ ಹತ್ಕೊಂಡು ಉರಿಯುತ್ತೆ.

ಒಂದು ದಿನ ಮಿಲಿಟರಿ ಲಾರಿಗೆ ತಡ ಆಗುತ್ತೆ ಅಂತ ಸಂಜೀವಪ್ಪ ನಾಲ್ಕೇ ನೀರಿಗೆ ನಿಲ್ಲಿಸಿ, ಏಳಾಯ್ತು ಅಂದ. ಒಣಗಿಸೋ ಕೋಣೇಲಿ ಹತ್ತಿ ಹರಡ್ತಿದ್ದ ದೊಡ್ಡಮುನಿಯಮ್ಮ ಸುಟ್ಟು ಕರಕಲಾದ್ಲು. "ಅವಳೇ ಬೀಡಿ ಹಚ್ಚಿರ್ಬೇಕು" ಅಂದ, ಪುಣ್ಯಾತ್ಮ! ಎಲೆ ಅಡಿಕೆ ಕೂಡ ಹಾಕ್ದೋಳಲ್ಲ ಅವಳು.

ನಾಯಿ ಬಾಲ ಡೊಂಕು. ಮೂರು ತಿಂಗಳಿಗೆ ಮತ್ತೆ ಅದೇ ನಾಲ್ಕು ನೀರು ಮುಗಿಸಿ, ಮನೆಗೆ ಹೊರಟಿದ್ದ. ಬೆಳಿಗ್ಗೆ ಹತ್ತಿ ಹರಡೋದು ಇಮಾಮ್ ಬೀ ಪಾಳಿ. ತನಗೇನು?

ಬಾವಿ ಹತ್ರ ರಾಟೆ ಸದ್ದು... ಕಿರ್ರ್... ಕಿರ್ರ್... ಆಮೇಲೆ ಒದ್ದೆ ಗಂಟು ಕಲ್ಲಿಗೆ ಬಡಿದಂಗೆ, ಥಪ್... ಥಪ್...

"ಯಾರಮ್ಮಾ ಅದು?"

ಹೆಂಗಸು ತಿರುಗಲಿಲ್ಲ. "ಎಷ್ಟು ನೀರು ಹಾಕ್ದೆ, ಮೇಸ್ತ್ರಿ?"

ಬದುಕಿದ್ದಾಗ 'ನೀವು' ಅಂತಿದ್ದ ದನಿ. ಸಂಜೀವಪ್ಪ ಒಂದು ಹೆಜ್ಜೆ ಹಿಂದಿಟ್ಟ. "ಏ... ಏಳು."

ಒಂದು ಕೈಲಿ ಹಗ್ಗ ಹಿಡಿದೇ, ಇನ್ನೊಂದು ಕೈ ಚಾಚಿ ಅವನ ಮಣಿಕಟ್ಟು ಹಿಡಿದ್ಲು. ಆಸಿಡ್ ತಾಗಿ ತಾಗಿ ಹಳದಿಗಟ್ಟಿದ ಬೆರಳು. ಚರ್ಮ ಚುರ್ ಅಂತು.

"ಎಷ್ಟು?"

"ಏಳು ಕಣಮ್ಮಾ... ದೇವರಾಣೆ!"

"ಇಮಾಮ್ ಬೀಗೆ ಜ್ವರ. ಬೆಳಿಗ್ಗೆ ಹತ್ತಿ ಹರಡೋಳು ನಿನ್ನ ಹೆಂಡ್ತಿ." ಆಮೇಲೆ, ಮೆತ್ತಗೆ... "ವೆಂಕಟಮ್ಮಾನೂ ಬೀಡಿ ಸೇದ್ತಾಳಾ?"

"ನಾಲ್ಕು! ನಾಲ್ಕೇ ನೀರು! ಬಿಡು ತಾಯಿ!"

"ನನಗ್ಯಾಕೆ ಹೇಳ್ತೀಯಾ? ನನಗೆ ಗೊತ್ತಲ್ಲ."

ಬಿಡಲಿಲ್ಲ. ಅತ್ತ, ಕಾಲಿಗೆ ಬಿದ್ದ. ಇಡೀ ರಾತ್ರಿ ಬಿಡಲಿಲ್ಲ. ಕೋಳಿ ಕೂಗ್ತು, ಕೈ ಸಡಿಲಾಯ್ತು. ಎದ್ದೆನೋ ಬಿದ್ದೆನೋ ಅಂತ ಶೆಡ್ಡಿಗೆ ಓಡಿದ.

ವೆಂಕಟಮ್ಮ ಹತ್ತಿ ಬುಟ್ಟಿ ಸೊಂಟಕ್ಕಿಟ್ಟು, ಒಣಗಿಸೋ ಕೋಣೆ ಹೊಸಿಲಲ್ಲಿ ನಿಂತಿದ್ಲು.

"ಹೋಗ್ಬೇಡ್ವೇ! ನಾಲ್ಕೇ ನೀರು! ಅವತ್ತೂ ನಾಲ್ಕೇ... ದೊಡ್ಡಮುನಿಯಮ್ಮನ್ನ ಕೊಂದಿದ್ದು ನಾನೇ!"

ಶೆಡ್ಡಿಗೆ ಶೆಡ್ಡೇ ಕೇಳಿಸ್ಕೊಳ್ತು. ವೆಂಕಟಮ್ಮ ಬುಟ್ಟೀನ ನೀರಿನ ತೊಟ್ಟಿಗೆ ಸುರಿದ್ಲು. ಗಂಡನ ಮುಖ ನೋಡದೆ ತವರಿಗೆ ಹೋದೋಳು ಮತ್ತೆ ಬರಲಿಲ್ಲ. ಒಳ್ಳೇದೇ ಮಾಡಿದ್ಲು ಬಿಡಿ.

ಮಣಿಕಟ್ಟಿನ ಹಳದಿ ಗುರುತು ಮಾತ್ರ ಹೋಗಲಿಲ್ಲ. ಸೀಗೆಪುಡಿ ಉಜ್ಜಿದ, ಹುಣಸೆಹಣ್ಣು ಉಜ್ಜಿದ. ಆಮೇಲೆ ಸಾಯೋವರೆಗೂ ತುಂಬುತೋಳಿನ ಅಂಗಿಯೇ. ಸತ್ತಾಗ ಅವನ ಮೈ ತೊಳೆದೋರಲ್ಲಿ ನಾನೂ ಒಬ್ಬ. ಸುಳ್ಳಾಡಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ... ಅವಳು ಹಿಡಿದದ್ದು ಒಂದೇ ಕೈಲಿ. ಬೆರಳಿನ ಗುರುತು ಎಣಿಸಿದೆ, ಇನ್ನೊಂದು ಸಲ ಎಣಿಸಿದೆ.

ಏಳಿತ್ತು.