ರೆಕ್ಕೆ ಬಿಡದ ಗಾಳಿ

ಹಲೋ... ಯಾರು ಮಾತಾಡ್ತಿರೋದು? ಹೃಷಿಕೇಶ್ ಅಲ್ವಾ?

... ಸಾತ್ವಿಕ್? ಅವನ ರೂಮ್‌ಮೇಟಾ? ಅಚ್ಛಾ, ಕನ್ನಡದವ್ರೇ, ಬಚಾವಾದೆ. ನಾನು ಧಾರಿಣಿ. ಅವನ ಜೊತೆ ಪಿಎಚ್‌ಡಿ ಮಾಡ್ತಿದ್ದವಳು, ವಿಂಡ್ ಟನಲ್ ಲ್ಯಾಬಿಂದ, ಸುರಂಗದಲ್ಲಿ ಜೋರಾಗಿ ಗಾಳಿ ಬಿಟ್ಟು ರೆಕ್ಕೆ ಪರೀಕ್ಷೆ ಮಾಡ್ತೀವಲ್ಲ, ಅಲ್ಲಿಂದ. ಅವನೆಲ್ಲಿ?

... ಸ್ನಾನಾನಾ? ಈ ಸಂಜೇಲಿ? ಹಾಂ, ನೀರು ಈಗ ಬಂತಾ. ಸರಿ, ಬಾಗಿಲು ಬಡೀರಿ ಸ್ವಲ್ಪ... ಇಲ್ಲ ಇಲ್ಲ, ಯಾರಿಗೂ ಏನೂ ಆಗಿಲ್ಲ. ನಗ್ತಾ ಇದ್ದೀನಿ ರೀ, ಅಳ್ತಾ ಇಲ್ಲ.

... ಏನಾಯ್ತು ಅಂದ್ರೆ... ನಿಮಗೇ ಹೇಳ್ಲಾ? ವಿಮಾನದ ರೆಕ್ಕೆ ಮೂತಿ ಎತ್ತಿದಷ್ಟೂ ಮೇಲಕ್ಕೆತ್ತೋ ಬಲ ಜಾಸ್ತಿ, ಅಲ್ವಾ? ಆದ್ರೆ ತೀರಾ ಎತ್ತಿದ್ರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಕಿತ್ಕೊಂಡು ಹೋಗುತ್ತೆ, ಬಲ ದಬಕ್ ಅಂತ ಬೀಳುತ್ತೆ. ಅದಕ್ಕೇ ನಾವು ರೆಕ್ಕೇಲಿ ಸಣ್ಣ ಸೀಳು ಮಾಡಿ ಒಳಗಿಂದ ಗಾಳಿ ಊದ್ತಿದ್ವಿ, ಬಿಟ್ಟು ಹೋಗೋ ಗಾಳೀನ ಮತ್ತೆ ಅಂಟಿಸೋಕೆ... ಹಾಂ, ಅದೇ. ಆದ್ರೆ ಊದೋಕೆ ಹೋಗೋ ಕರೆಂಟೇ ಅದರಿಂದ ವಿಮಾನಕ್ಕೆ ಉಳಿಯೋ ಶಕ್ತಿಗಿಂತ ಜಾಸ್ತಿ. ವರ್ಷಗಟ್ಲೆ ಹಾಗೇ. ಕೊನೆಗೆ ನಮ್ಮ ಗೈಡ್ ವಿಮಲಾ ಮೇಡಂ, ಇದನ್ನ ಇಲ್ಲಿಗೇ ಮುಗಿಸೋಣ ಅಂದ್ರು. ಇವನು ಬೇಜಾರಾಗಿ, ಲ್ಯಾಬ್ ಇರೋ ಇದೇ ದಿಲ್ಲೀಲಿ ನಿಮ್ಮ ರಾಜಿಂದರ್ ನಗರಕ್ಕೆ, ಐಎಎಸ್ ಕೋಚಿಂಗ್‌ಗೆ ಓಡ್ಬಂದ.

... ಬಂದ್ನಾ? ಕೊಡಿ ಕೊಡಿ.

... ಹೃಷಿ, ಅಂಟ್ಕೊಳ್ತು ಕಣೋ.

... ಗಾಳಿ ಕಣೋ, ಇನ್ನೇನು? ಹೋಗೋ ಮುಂಚೆ ನೀನೇ ಹೇಳಿದ್ಯಲ್ಲ, ಒಂದೇ ಸಮ ಊದೋದು ಬೇಡ, ಬಿಟ್ಟು ಬಿಟ್ಟು ಊದಿ ನೋಡೋಣ ಅಂತ? ಎಲ್ಲಾ ಬಿಚ್ಚಿಡೋ ಮುಂಚೆ ಕೊನೇ ಸಲ ಅಂತ ಇವತ್ತು ಅದನ್ನೇ ಮಾಡ್ದೆ. ಗಾಳಿ ಹರಿಯೋದು ಕಾಣ್ಲಿ ಅಂತ ರೆಕ್ಕೆ ಮೇಲೆ ಅಂಟಿಸಿದ್ವಲ್ಲ ನೂಲಿನ ಎಳೆಗಳು, ದೆವ್ವ ಹಿಡಿದ ಹಾಗೆ ಕುಣೀತಿದ್ವು. ಸ್ವಿಚ್ ಹಾಕ್ದೆ. ಎಣ್ಣೆ ಹಚ್ಚಿ ಬಾಚಿದ ಕೂದಲ ಥರ ಎಲ್ಲಾ ಮಲಗ್ಬಿಟ್ವು.

... ಇಲ್ಲ ಮಾರಾಯ, ಸೆನ್ಸರ್ ಸರಿಯಾಗೇ ಇದೆ. ಆರಿಸಿದ್ರೆ ಬಲ ಬೀಳುತ್ತೆ, ಹಾಕಿದ್ರೆ ಏಳುತ್ತೆ. ಮೇಡಂ ತಾವೇ ಹಾಕೋದು, ಆರಿಸೋದು, ಮತ್ತೆ ಹಾಕೋದು. ಸ್ವಿಚ್ ನನ್ನ ಕೈಗೆ ಕೊಡ್ತಾನೇ ಇಲ್ಲ.

... ಕರೆಂಟಾ? ಅದನ್ನೇ ಕೇಳ್ತೀಯ ಅಂತ ಗೊತ್ತಿತ್ತು. ಊದೋಕೆ ಹೋಗಿದ್ದಕ್ಕಿಂತ ಉಳಿದಿದ್ದೇ ಜಾಸ್ತಿ ಕಣೋ. ನಾನೂ ಲೆಕ್ಕ ಹಾಕ್ದೆ, ನಂಬದೆ ಮೇಡಮ್ಮೂ ಹಾಕಿದ್ರು.

... ಹಲೋ? ಹೃಷಿ? ಅಳ್ತಿದ್ದೀಯೇನೋ? ... ಕಣ್ಣಿಗೆ ಶಾಂಪೂ ಹೋಯ್ತಾ. ಅಚ್ಛಾ, ಶಾಂಪೂ.

... ಯಾಕೆ ಬರಬಾರ್ದು? ಪಿಎಚ್‌ಡಿ ಪಟ್ಟಿಯಿಂದ ನಿನ್ನ ಹೆಸರು ತೆಗೆದೇ ಇಲ್ಲ. ಹುಷಾರಿಲ್ಲ, ರಜೆ ಮೇಲಿದ್ದಾನೆ ಅಂತ ಮೇಡಂ ಇಷ್ಟು ದಿನ ಎಲ್ಲರಿಗೂ ಹೇಳ್ಕೊಂಡು ಬಂದಿದ್ದಾರೆ. ನನಗೂ ಇವತ್ತೇ ಗೊತ್ತಾಗಿದ್ದು... ಹೂಂ, ಬೈತಾರೆ. ಬೈಸ್ಕೋ. ಐಎಎಸ್ ಬಿಡು ಅಂತ ನಾನು ಹೇಳಲ್ಲ, ಒಂದ್ಸಲ ಕಣ್ಣಾರೆ ನೋಡು.

... ಈಗ್ಲೇ? ... ಮೇಡಂ, ಹೃಷಿ ಬರ್ತಿದ್ದಾನೆ, ಟನಲ್ ನಿಲ್ಲಿಸ್ಬೇಡಿ... ಹಾಂ, ಹೇಳು. ಶರ್ಟ್ ಹಾಕ್ಕೊಂಡು ಬಾ, ಚಲೋ... ಅಯ್ಯೋ, ಲಿಫ್ಟಲ್ಲಿ ಇಳೀಬೇಡ, ಲೈನ್ ಕಟ್ಟಾಗುತ್ತೆ. ಮೆಟ್ಟಿಲಲ್ಲಿ... ಹಲೋ? ... ಹೃಷಿ?